ಅಪ್ಪ ಅಮ್ಮನನ್ನು ವಿಟ್ಬಿಗೆ ಕರೆದುಕೊಂಡು ಹೋಗಬೇಕು, ಒಂದು ದಿನ ಸಾಕಾ?

ಲೀಡ್ಸ್‌ಗೆ_ಬಂದವಳು
ಎಲ್ಲರಿಗೂ ನಮಸ್ಕಾರ. ಮೈಸೂರಿನಿಂದ ಅಪ್ಪ ಅಮ್ಮ ಜೂನ್‌ನಲ್ಲಿ ಬರುತ್ತಿದ್ದಾರೆ. ಲಂಡನ್, ಎಡಿನ್‌ಬರೋ ಎಲ್ಲ ಇದ್ದದ್ದೇ. ಸಮುದ್ರದ ಪಕ್ಕದ ಹಳೇ ಊರೊಂದನ್ನು ತೋರಿಸಬೇಕು ಅಂತ ನನ್ನ ಆಸೆ. ಆಫೀಸಿನಲ್ಲಿ ಯಾರನ್ನು ಕೇಳಿದರೂ ಇಂಗ್ಲೆಂಡಿನ ಈಶಾನ್ಯ ಕರಾವಳಿಯ ವಿಟ್ಬಿ ಅನ್ನುತ್ತಾರೆ. ಅಪ್ಪ ಇತಿಹಾಸದ ಮೇಷ್ಟ್ರಾಗಿದ್ದವರು. ಹಳೇ ಗೋಡೆ ಕಂಡರೆ ಅದರ ಮುಂದೆ ಅರ್ಧ ಗಂಟೆ ನಿಲ್ಲುತ್ತಾರೆ. ಅಮ್ಮನಿಗೆ ಮೊಣಕಾಲು ನೋವು, ಜೊತೆಗೆ ಪೂರ್ತಿ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ನಮ್ಮ ಹತ್ತಿರ ಕಾರಿಲ್ಲ. ಬೆಳಿಗ್ಗೆ ಹೋಗಿ ರಾತ್ರಿ ಬರಬಹುದಾ? ಅಲ್ಲಿ ಗುಡ್ಡದ ಮೇಲೆ ಅಬ್ಬೆ, ಅಂದರೆ ಪಾಳುಬಿದ್ದ ಹಳೇ ಕ್ರೈಸ್ತ ಮಠ ಇದೆಯಂತೆ, 199 ಮೆಟ್ಟಿಲು ಹತ್ತದೆ ಅದನ್ನು ನೋಡೋಕೆ ಆಗುತ್ತಾ? ಊಟಕ್ಕೆ ಏನು ಮಾಡೋದು?

ಯಾರ್ಕ್_ಪ್ರಯಾಣಿಕ
ಹೋಗಿ ಬರೋದೇನೋ ಆಗುತ್ತೆ, ಆದರೆ ಇಡೀ ದಿನ ಬಸ್ಸಿನಲ್ಲೇ ಕಳೆದ ಹಾಗಾಗುತ್ತದೆ. ಲೀಡ್ಸ್‌ನಿಂದ ಕೋಸ್ಟ್‌ಲೈನರ್ 840 ಬಸ್ ಇದೆ. ಯಾರ್ಕ್, ಮಾಲ್ಟನ್, ಪಿಕರಿಂಗ್ ದಾಟಿ, ನಾರ್ತ್ ಯಾರ್ಕ್ ಮೂರ್ಸ್ ಅನ್ನುವ ಬೋಳು ಗುಡ್ಡಗಳನ್ನು ಹತ್ತಿ ಇಳಿದು ವಿಟ್ಬಿ ಸೇರುತ್ತದೆ. ಮೂರು ಗಂಟೆಗೂ ಜಾಸ್ತಿ ಹಿಡಿಯುತ್ತದೆ. 2018ರಲ್ಲಿ ಬ್ರಿಟನ್ನಿನ ಅತಿ ಸುಂದರ ಬಸ್ ದಾರಿ ಯಾವುದು ಅಂತ ಜನರನ್ನು ಕೇಳಿದಾಗ ಗೆದ್ದಿದ್ದು ಇದೇ. ಮೇಲಿನ ಡೆಕ್‌ನ ಮುಂದಿನ ಸೀಟು ಹಿಡಿಯಿರಿ. ಒಂದು ವಿಷಯ ನೆನಪಿರಲಿ. ಎಲ್ಲ 840 ಬಸ್ಸೂ ವಿಟ್ಬಿ ತನಕ ಹೋಗಲ್ಲ. ಬೋರ್ಡ್ ನೋಡಿಯೇ ಹತ್ತಿ.

ರೈಲಿನಲ್ಲಾದರೆ ಮಿಡಲ್ಸ್‌ಬರೋಗೆ ಹೋಗಿ, ಅಲ್ಲಿಂದ ಎಸ್ಕ್ ವ್ಯಾಲಿ ಲೈನ್‌ನಲ್ಲಿ ಒಂದೂವರೆ ಗಂಟೆ. ನದಿಯನ್ನು ಆ ಕಡೆ ಈ ಕಡೆ ದಾಟುತ್ತಾ ಹೋಗುವ ಪುಟ್ಟ ರೈಲು. ದಿನಕ್ಕೆ ಬೆರಳೆಣಿಕೆಯಷ್ಟೇ, ಒಂದು ತಪ್ಪಿದರೆ ಮುಗೀತು. ಅಪ್ಪನಿಗೆ ಖುಷಿ ಆಗಬೇಕು ಅಂದರೆ ಪಿಕರಿಂಗ್‌ನಿಂದ ಉಗಿಬಂಡಿ ಇದೆ. ಗ್ರೋಸ್ಮಂಟ್ ತನಕ 18 ಮೈಲಿ ಅವರದೇ ಹಳಿ, ಕೆಲವು ಗಾಡಿಗಳು ಅಲ್ಲಿಂದ ಮುಂದಕ್ಕೆ ವಿಟ್ಬಿಗೂ ಹೋಗುತ್ತವೆ. ಟಿಕೆಟ್ ದುಬಾರಿ, ಮೊದಲೇ ಬುಕ್ ಮಾಡಿ.

ಎರಡು ರಾತ್ರಿ ಉಳಿಯಿರಿ. ಅಷ್ಟೇ ನನ್ನ ಸಲಹೆ.

ಸುಮ್ನೆ_ಹೇಳ್ದೆ
ನಾನು ಸ್ವಲ್ಪ ಉಲ್ಟಾ ಮಾತಾಡುತ್ತೇನೆ, ಬೇಜಾರು ಮಾಡ್ಕೋಬೇಡಿ. ವಿಟ್ಬಿ ಊರು ಅಂದರೆ ಶನಿವಾರ ಭಾನುವಾರ ಕಾಲಿಡೋಕೆ ಜಾಗ ಇರಲ್ಲ. ಚರ್ಚ್ ಸ್ಟ್ರೀಟ್‌ನಲ್ಲಿ ಐಸ್‌ಕ್ರೀಮ್ ಹಿಡಿದ ಜನರ ನಡುವೆ ತಳ್ಳಿಸಿಕೊಂಡು ಹೋಗಬೇಕು. ಊರ ನಡುವಿನ ನದಿಗೆ ಇರೋದು ಪಕ್ಕಕ್ಕೆ ತಿರುಗುವ ಸೇತುವೆ, 1908ರದ್ದು. ದೋಣಿ ಬಂದಾಗ ತೆರೆಯುತ್ತಾರೆ, ಆಗ ಇಡೀ ಊರು ಎರಡು ದಂಡೆಯಲ್ಲಿ ಮುಖ ಮುಖ ನೋಡುತ್ತಾ ನಿಲ್ಲುತ್ತದೆ. ನಿಜವಾದ ಚೆಂದ ಇರೋದು ಊರಿನ ಆಚೆ ಈಚೆ. ದಕ್ಷಿಣಕ್ಕೆ ರಾಬಿನ್ ಹುಡ್ಸ್ ಬೇ, ಉತ್ತರಕ್ಕೆ ಸ್ಟೇತ್ಸ್. ಊರನ್ನು ಎರಡು ಗಂಟೆಯಲ್ಲಿ ಮುಗಿಸಿ ಕರಾವಳಿ ನೋಡಿ ಅಂತ ನಾನು ಹೇಳೋದು.

ಯಾರ್ಕ್_ಪ್ರಯಾಣಿಕ
ಶನಿವಾರದ ಮಾತು ಒಪ್ಪಿದೆ. ಆದರೆ ಮೊಣಕಾಲು ನೋವಿರುವವರನ್ನು ರಾಬಿನ್ ಹುಡ್ಸ್ ಬೇಗೆ ಕಳಿಸುತ್ತೀರಲ್ಲ ಮಾರಾಯರೇ! ಬಸ್ ನಿಲ್ಲೋದು ಮೇಲೆ, ಹಳೇ ಊರು ಇರೋದು ಕೆಳಗೆ. ನಡುವೆ ಮೂರಡಿ ಹೋದರೆ ಒಂದಡಿ ಇಳಿಯುವಂಥ ರಸ್ತೆ. ಪ್ರವಾಸಿಗರ ಕಾರನ್ನೂ ಕೆಳಗೆ ಬಿಡಲ್ಲ. ಇಳಿಯೋದು ಹೇಗೋ ಆಗುತ್ತೆ, ಹತ್ತೋದು ಯಾರು? ಸ್ಟೇತ್ಸ್ ಕೂಡ ಹಾಗೇ.

ಸುಮ್ನೆ_ಹೇಳ್ದೆ
ಅದೂ ಸರೀನೇ. ಹಾಗಾದರೆ ಸ್ಯಾಂಡ್ಸೆಂಡ್‌ಗೆ ಹೋಗಲಿ. ವಿಟ್ಬಿಯಿಂದ ಮೂರು ಮೈಲಿ, ಬಸ್ ಇದೆ, ರಸ್ತೆ ಪಕ್ಕದಲ್ಲೇ ಸಮುದ್ರ. ಸಮತಟ್ಟು. ಬೆಂಚಿನ ಮೇಲೆ ಕೂತು ಟೀ ಕುಡಿಯಬಹುದು.

ಉಡುಪಿ_ಟು_ಹಲ್
ಊಟದ ವಿಷಯ ಯಾರೂ ಹೇಳಲಿಲ್ಲ, ಅದೇ ಮುಖ್ಯ. ಯಾರ್ಕ್‌ಷೈರ್‌ನಲ್ಲಿ ಚಿಪ್ಸ್ ಸಸ್ಯಾಹಾರ ಅಂದುಕೊಳ್ಳಬೇಡಿ. ಇಲ್ಲಿನ ಎಷ್ಟೋ ಅಂಗಡಿಗಳಲ್ಲಿ ಇವತ್ತಿಗೂ ಕರಿಯೋದು ಬೀಫ್ ಡ್ರಿಪಿಂಗ್‌ನಲ್ಲಿ, ಅಂದರೆ ದನದ ಕೊಬ್ಬಿನಲ್ಲಿ. ಅದರಿಂದಲೇ ರುಚಿ ಅಂತ ಅವರಿಗೆ ಹೆಮ್ಮೆ. ಬೋರ್ಡಿನಲ್ಲೇ ದೊಡ್ಡದಾಗಿ ಬರೆದಿರುತ್ತಾರೆ. ನಮ್ಮವರು ಅದನ್ನು ಓದುವುದಿಲ್ಲ, ‘ಆಲೂಗಡ್ಡೆ ತಾನೇ’ ಅಂತ ತಿಂದುಬಿಡುತ್ತಾರೆ. ಎಣ್ಣೆಯಲ್ಲಿ ಕರಿಯುವ ಅಂಗಡಿಗಳೂ ಇವೆ. ‘ಯಾವುದರಲ್ಲಿ ಕರೀತೀರಿ’ ಅಂತ ಕೌಂಟರಿನಲ್ಲಿ ಕೇಳಿ, ಯಾರೂ ಬೇಸರ ಮಾಡ್ಕೊಳ್ಳಲ್ಲ. ಕೆಫೆಗಳಲ್ಲಿ ಜಾಕೆಟ್ ಪೊಟೇಟೊ (ಸಿಪ್ಪೆ ಸಮೇತ ಬೇಯಿಸಿದ ಆಲೂಗಡ್ಡೆ), ಬೀನ್ಸ್, ಸೂಪ್ ಸಿಗುತ್ತೆ. ಟೀ ಜೊತೆ ತಿನ್ನುವ ಬನ್ನಿನಂಥ ಸ್ಕೋನ್‌ಗೆ ಕೆಲವರು ಮೊಟ್ಟೆ ಹಾಕುತ್ತಾರೆ, ಅದನ್ನೂ ಕೇಳಿ.

ಅಮ್ಮ ಬರುತ್ತಿದ್ದಾರೆ ಅಂದಮೇಲೆ ಚಪಾತಿ, ಪಲ್ಯ, ಮೊಸರನ್ನ ಕಟ್ಟಿಕೊಂಡೇ ಬರುತ್ತಾರೆ ಬಿಡಿ. ಅದನ್ನು ಬಂದರಿನ ಹತ್ತಿರ ಬಿಚ್ಚಬೇಡಿ! ಅಲ್ಲಿನ ಸೀಗಲ್‌ಗಳು ಭಾರೀ ಜೋರು. ನಮ್ಮ ಅತ್ತೆ ಕೋಡುಬಳೆ ಬಾಯಿಗೆ ಇಡುವಷ್ಟರಲ್ಲಿ ಹಿಂದಿನಿಂದ ಬಂದು ಕಿತ್ತುಕೊಂಡು ಹೋಯಿತು. ರೆಕ್ಕೆ ಕೆನ್ನೆಗೆ ತಾಗಿತು, ಕೋಡುಬಳೆ ಅರ್ಧ ಕೈಯಲ್ಲೇ ಉಳಿಯಿತು. ‘ಇನ್ನರ್ಧ ಯಾಕೆ ಬಿಟ್ಟೆ, ತಗೊಂಡು ಹೋಗು’ ಅಂತ ಅತ್ತೆ ಅದನ್ನೂ ಎಸೆದರು. ಪಕ್ಕದಲ್ಲಿದ್ದವರು ‘ದಯವಿಟ್ಟು ಹಕ್ಕಿಗೆ ಹಾಕಬೇಡಿ’ ಅನ್ನುವ ಬೋರ್ಡ್ ತೋರಿಸಿದರು.

ಇನ್ನೊಂದು. ಮೆಟ್ಟಿಲ ಬುಡದಿಂದ ಮುಂದೆ ಹೋಗುವ ಹೆನ್ರಿಯೆಟ್ಟಾ ಸ್ಟ್ರೀಟ್‌ನಲ್ಲಿ 1872ರಿಂದ ಮೀನು ಹೊಗೆಯಾಡಿಸುವ ಗೂಡು ಇದೆ. ಹೆರಿಂಗ್ ಮೀನನ್ನು ಸೀಳಿ, ಮರದ ಹೊಗೆಯಲ್ಲಿ ತೂಗುಹಾಕಿ ಕಿಪ್ಪರ್ ಮಾಡುತ್ತಾರೆ. ನನ್ನಂಥವನಿಗೆ ಸ್ವರ್ಗ. ಅಮ್ಮನಿಗೆ ಆ ಓಣಿ ಬೇಡ.

ಲೀಡ್ಸ್‌ಗೆ_ಬಂದವಳು
ಡ್ರಿಪಿಂಗ್ ವಿಷಯ ನನಗೆ ಗೊತ್ತೇ ಇರಲಿಲ್ಲ, ತುಂಬಾ ಥ್ಯಾಂಕ್ಸ್ ಉಡುಪಿಯವರೇ. ಅಮ್ಮನಿಗೆ ಈಗಲೇ ಹೇಳಲ್ಲ, ಟಿಕೆಟ್ ಕ್ಯಾನ್ಸಲ್ ಮಾಡಿಬಿಡುತ್ತಾರೆ. ಅಬ್ಬೆಗೆ ಬೇರೆ ದಾರಿ ಇದೆಯಾ? ಅಪ್ಪನಿಗೆ ಅದರ ಬಗ್ಗೆ ಮೊದಲೇ ಸ್ವಲ್ಪ ಹೇಳಿಡಬೇಕು.

ಮೇಷ್ಟ್ರ_ಮಗ
ಇದೆ. ಗುಡ್ಡದ ಮೇಲೇ ಕಾರ್ ಪಾರ್ಕ್ ಇದೆ. ಸ್ಟೇಷನ್ನಿನಿಂದ ಟ್ಯಾಕ್ಸಿ ಹಿಡಿದರೆ ಅಬ್ಬೆಯ ಬಾಗಿಲ ಹತ್ತಿರ ಇಳಿಯಬಹುದು. ಅಮ್ಮ ಟ್ಯಾಕ್ಸಿಯಲ್ಲಿ ಬರಲಿ, ಅಪ್ಪ ಮೆಟ್ಟಿಲು ಹತ್ತಲಿ. ಮೆಟ್ಟಿಲುಗಳ ನಡುವೆ ಅಲ್ಲಲ್ಲಿ ಅಗಲವಾದ ಕಟ್ಟೆ, ಬೆಂಚು ಇವೆ. ಹೆಣ ಹೊತ್ತು ಮೇಲಿನ ಚರ್ಚಿಗೆ ಹೋಗುತ್ತಿದ್ದವರು ಪೆಟ್ಟಿಗೆ ಇಳಿಸಿ ಸುಧಾರಿಸಿಕೊಳ್ಳಲಿ ಅಂತ ಮಾಡಿದ್ದು. ಈಗ ಪ್ರವಾಸಿಗರು ಅಲ್ಲೇ ಕೂತು ಫೋಟೋ ತೆಗೆಯುತ್ತಾರೆ.

ಇನ್ನು ಇತಿಹಾಸ. 657ರಲ್ಲಿ ಹಿಲ್ಡ್ ಅನ್ನುವ ರಾಜಮನೆತನದ ಹೆಂಗಸು ಇಲ್ಲಿ ಮಠ ಕಟ್ಟಿದಳು. ಸನ್ಯಾಸಿ, ಸನ್ಯಾಸಿನಿ ಎರಡೂ ಕಡೆಯವರಿಗೆ ಅವಳೇ ಮುಖ್ಯಸ್ಥೆ. ಹೆಸರು ಗೊತ್ತಿರುವ ಮೊದಲ ಇಂಗ್ಲಿಷ್ ಕವಿ ಕ್ಯಾಡ್ಮನ್ ಅವಳ ಮಠದಲ್ಲಿ ದನ ಕಾಯುತ್ತಿದ್ದವನು. 664ರಲ್ಲಿ ಇಲ್ಲಿ ಒಂದು ದೊಡ್ಡ ಸಭೆ ಸೇರಿತು. ವಿಷಯ ಏನು ಗೊತ್ತಾ? ಈಸ್ಟರ್ ಹಬ್ಬ ಯಾವ ದಿನ? ಐರ್ಲೆಂಡ್ ಕಡೆಯಿಂದ ಬಂದ ಪಾದ್ರಿಗಳ ಲೆಕ್ಕ ಒಂದು, ರೋಮಿನ ಲೆಕ್ಕ ಇನ್ನೊಂದು. ರಾಜ ಓಸ್ವಿ ಒಂದು ಲೆಕ್ಕ, ರಾಣಿ ಇನ್ನೊಂದು. ರಾಜ ಹಬ್ಬದೂಟ ಮಾಡುವಾಗ ರಾಣಿ ಇನ್ನೂ ಉಪವಾಸ. ಸ್ಮಾರ್ತರ ಏಕಾದಶಿ ಒಂದು ದಿನ, ಮಾಧ್ವರದು ಮರುದಿನ ಬಂದಾಗ ಒಂದೇ ಬೀದಿಯಲ್ಲಿ ಆಗುತ್ತಲ್ಲ, ಅದೇ ಕಥೆ. ನಿಮ್ಮ ತಂದೆಗೆ ಇದನ್ನು ಹೇಳಿ, ಉಳಿದದ್ದನ್ನು ಅವರೇ ವಿವರಿಸುತ್ತಾರೆ. ಕೊನೆಗೆ ರಾಜ ರೋಮಿನ ಕಡೆ ತೀರ್ಪು ಕೊಟ್ಟ. ಇಂಗ್ಲೆಂಡಿನ ಚರ್ಚು ಮುಂದೆ ಯಾವ ದಿಕ್ಕು ಹಿಡಿಯಿತು ಅನ್ನೋದಕ್ಕೆ ಆ ತೀರ್ಪು ದೊಡ್ಡ ಕಾರಣ.

ಈಗ ಕಾಣುವ ಎತ್ತರದ ಗೋಡೆಗಳು ಹಿಲ್ಡಳ ಕಾಲದ್ದಲ್ಲ. ಅದು ನಾರ್ಮನ್ನರು ಬಂದ ಮೇಲೆ ಮತ್ತೆ ಶುರುವಾದ ಮಠದ್ದು, ಬಹುಪಾಲು 13ನೇ ಶತಮಾನ ಮತ್ತು ಆಮೇಲಿನದು. 1539ರಲ್ಲಿ ಎಂಟನೇ ಹೆನ್ರಿ ಮುಚ್ಚಿಸಿದ. 1914ರ ಡಿಸೆಂಬರ್ 16ಕ್ಕೆ ಜರ್ಮನ್ ಯುದ್ಧನೌಕೆಗಳು ಈ ಕರಾವಳಿಯ ಮೇಲೆ ಗುಂಡು ಹಾರಿಸಿದಾಗ ಅಬ್ಬೆಯ ಪಶ್ಚಿಮದ ಗೋಡೆಗೂ ಪೆಟ್ಟು ಬಿತ್ತು.

ಪಕ್ಕದ ಸೇಂಟ್ ಮೇರೀಸ್ ಚರ್ಚನ್ನು ಬಿಡಬೇಡಿ. ಒಳಗೆ ಮರದ ಬಾಕ್ಸ್‌ಗಳಂಥ ಆಸನಗಳು, ಒಂದೊಂದು ಮನೆತನಕ್ಕೆ ಒಂದೊಂದು, ಬಾಗಿಲು ಸಮೇತ. ಮೂರು ಅಂತಸ್ತಿನ ಉಪದೇಶದ ಪೀಠ. ಅದಕ್ಕೆ ಎರಡು ಉದ್ದನೆಯ ಕಿವಿಕೊಳವೆ ಜೋಡಿಸಿದ್ದಾರೆ, ಒಬ್ಬ ಪಾದ್ರಿಯ ಕಿವುಡಿ ಹೆಂಡತಿಗಾಗಿ. ಪ್ರತಿ ಭಾನುವಾರ ಗಂಡನ ಉಪದೇಶ ತಪ್ಪಿಸಿಕೊಳ್ಳೋಕೆ ಆ ತಾಯಿಗೆ ಇದ್ದ ಒಂದೇ ನೆಪವೂ ಹೋಯಿತು ಅನ್ನಿ.

ಡಬ್ಲಿನ್_ದೋಸೆ
ಡ್ರಾಕುಲಾ ಊರು ಅಲ್ವಾ ಇದು? ಯಾರೂ ಹೇಳ್ತಾನೇ ಇಲ್ಲ.

ಮೇಷ್ಟ್ರ_ಮಗ
ಹೌದು. ಬ್ರಾಮ್ ಸ್ಟೋಕರ್ 1890ರಲ್ಲಿ ರಜೆಗೆ ಬಂದಿದ್ದ. ಇಲ್ಲಿನ ಲೈಬ್ರರಿಯಲ್ಲಿ ಓದಿದ ಪುಸ್ತಕದಲ್ಲಿ ಆ ಹೆಸರು ಸಿಕ್ಕಿತು. ಆತನ ಕಾದಂಬರಿ ಬಂದಿದ್ದು 1897ರಲ್ಲಿ. ಡ್ರಾಕುಲಾನ ಸಮಾಧಿ ಎಲ್ಲಿದೆ ಅಂತ ಜನ ಕೇಳಿ ಕೇಳಿ, ಚರ್ಚಿನವರು ಬೇಸತ್ತು ‘ಅಂಥದ್ದೊಂದು ಇಲ್ಲ, ಕೇಳಬೇಡಿ’ ಅಂತ ಬೋರ್ಡ್ ಹಾಕಿದ್ದರು. ಕಪ್ಪು ಬಟ್ಟೆ, ಬಿಳಿ ಮುಖದ ಗಾತ್ ಹಬ್ಬವೂ 1994ರಿಂದ ನಡೆಯುತ್ತಿದೆ. ಜೂನ್‌ನಲ್ಲಿ ಅದು ಇರಲ್ಲ, ಅಮ್ಮ ಹೆದರಬೇಕಿಲ್ಲ.

ಕಲ್ಲುಹುಡುಕ
ಚರ್ಚೆ ನೋಡುತ್ತಾ ಇದ್ದೆ. ಭೂವಿಜ್ಞಾನ ಓದುತ್ತಿದ್ದೇನೆ, ಈ ತೀರಕ್ಕೆ ಆಗಾಗ ಹೋಗುತ್ತೇನೆ. ನಿಮ್ಮ ಮನೆಯಲ್ಲಿ ಸಾಲಿಗ್ರಾಮ ಪೂಜೆ ಇದೆಯಾ? ಇದ್ದರೆ ಅಮ್ಮನಿಗೆ ವಿಟ್ಬಿಯಲ್ಲಿ ತೋರಿಸಲೇಬೇಕಾದ ವಸ್ತು ಒಂದಿದೆ. ಅಮೋನೈಟ್.

ಇಲ್ಲಿನ ಬಂಡೆ ಸುಮಾರು 18 ಕೋಟಿ ವರ್ಷ ಹಳೆಯ ಕಪ್ಪು ಶೇಲ್, ಆಗಿನ ಸಮುದ್ರದ ತಳದ ಕೆಸರು. ಅದರೊಳಗೆ ಸುರುಳಿ ಚಿಪ್ಪಿನ ಪ್ರಾಣಿಗಳು ಕಲ್ಲಾಗಿ ಕೂತಿವೆ. ಗಂಡಕಿ ನದಿಯ ಸಾಲಿಗ್ರಾಮದೊಳಗಿನ ಚಕ್ರವೂ ಅಮೋನೈಟೇ. ಅದು ಹಿಮಾಲಯ ಏಳುವ ಮೊದಲು ಅಲ್ಲಿದ್ದ ಸಮುದ್ರದ್ದು, ವಿಟ್ಬಿಯದಕ್ಕಿಂತ ಸ್ವಲ್ಪ ಈಚಿನದು. ಎರಡೂ ಒಂದೇ ಕುಲ.

ಇಲ್ಲಿಯ ಜನರೂ ಇದಕ್ಕೆ ದೇವರ ಕಥೆಯನ್ನೇ ಕಟ್ಟಿದರು. ಗುಡ್ಡದ ಮೇಲೆ ಹಾವು ತುಂಬಿತ್ತಂತೆ. ಹಿಲ್ಡ್ ಶಾಪ ಕೊಟ್ಟು ಎಲ್ಲವನ್ನೂ ಕಲ್ಲು ಮಾಡಿ ಸಮುದ್ರಕ್ಕೆ ಉರುಳಿಸಿದಳಂತೆ. ಕಲ್ಲಿನ ಹಾವಿಗೆ ತಲೆ ಇಲ್ಲವಲ್ಲ ಅಂತ ಜನ ಕೇಳಿದರೆ ಮಾರುವವರು ಬಿಡುತ್ತಾರಾ? ಸುರುಳಿಯ ತುದಿಗೆ ಹಾವಿನ ತಲೆ ಕೆತ್ತಿ ಮಾರಿದರು! ಅಂಥವು ಪ್ಯಾನೆಟ್ ಪಾರ್ಕ್‌ನಲ್ಲಿರುವ ವಿಟ್ಬಿ ಮ್ಯೂಸಿಯಮ್ಮಿನಲ್ಲಿ ಇವೆ. ಊರಿನ ಲಾಂಛನದಲ್ಲೂ ಮೂರು ಅಮೋನೈಟ್ ಹಾವು. ವಿಜ್ಞಾನಿಗಳು ಒಂದು ಜಾತಿಗೆ ಹಿಲ್ಡೊಸೆರಸ್ ಅಂತಲೇ ಹೆಸರಿಟ್ಟಿದ್ದಾರೆ.

ತೀರದಲ್ಲಿ ಹುಡುಕುವಾಗ ದುಂಡಗಿನ, ಬೂದು ಬಣ್ಣದ ಗಟ್ಟಿ ಉಂಡೆಕಲ್ಲು ನೋಡಿ. ಅಂಚಿನಲ್ಲಿ ಹಗ್ಗದ ಹುರಿಯಂಥ ಗೆರೆ ಕಂಡರೆ ಒಳಗೆ ಅಮೋನೈಟ್ ಇರಬಹುದು. ಬಿಡಿಯಾಗಿ ಬಿದ್ದಿರುವುದನ್ನು ಮಾತ್ರ ಎತ್ತಿ. ಬಂಡೆಗೋಡೆಗೆ ಸುತ್ತಿಗೆ ಹಾಕಬೇಡಿ, ಅದರ ಬುಡದಲ್ಲಿ ನಿಲ್ಲಲೂ ಬೇಡಿ. ಮೇಲಿಂದ ಕಲ್ಲು ಬೀಳುತ್ತಲೇ ಇರುತ್ತದೆ. 2012ರಲ್ಲಿ ಗುಡ್ಡ ಜಾರಿ ಹೆನ್ರಿಯೆಟ್ಟಾ ಸ್ಟ್ರೀಟಿನ ಬಳಿಯ ಮನೆಗಳನ್ನೇ ಕೆಡವಬೇಕಾಯಿತು. ಮೇಲಿನ ಸ್ಮಶಾನದ ಮೂಳೆಗಳೂ ಹೊರಗೆ ಬಂದಿದ್ದವು.

ಲೀಡ್ಸ್‌ಗೆ_ಬಂದವಳು
ಸಾಲಿಗ್ರಾಮ ಇದೆ! ಅಜ್ಜನ ಕಾಲದ್ದು, ದಿನಾ ಅಭಿಷೇಕ ಆಗುತ್ತೆ. ಅಮ್ಮ ಇಲ್ಲಿಗೆ ಬಂದಾಗ ಅದನ್ನು ಚಿಕ್ಕಮ್ಮನ ಮನೆಯಲ್ಲಿ ಬಿಟ್ಟು ಬರಬೇಕಲ್ಲ ಅನ್ನೋದೇ ಅವರ ದೊಡ್ಡ ಚಿಂತೆ. ಮ್ಯೂಸಿಯಂ ಈಗ ಪಟ್ಟಿಯಲ್ಲಿ ಮೊದಲನೆಯದು. ಅಂದಹಾಗೆ ಜೆಟ್ ಅಂತ ಕಪ್ಪು ಒಡವೆ ಮಾರುತ್ತಾರಲ್ಲ, ಅದು ಏನು? ಅಮ್ಮನಿಗೆ ಕೊಡಿಸಬಹುದಾ?

ಕಲ್ಲುಹುಡುಕ
ಅದು ಕಲ್ಲಲ್ಲ, ಮರ. ಮಂಕಿ ಪಝಲ್ ಜಾತಿಯ ಮರ ಆ ಜುರಾಸಿಕ್ ಸಮುದ್ರಕ್ಕೆ ಬಿದ್ದು, ಕೆಸರಿನಲ್ಲಿ ಒತ್ತಿ ಕಪ್ಪಾಗಿದ್ದು. ಹಗುರ, ಮುಟ್ಟಿದರೆ ತಣ್ಣಗಿರಲ್ಲ. 1861ರಲ್ಲಿ ಗಂಡ ಆಲ್ಬರ್ಟ್ ತೀರಿಕೊಂಡ ಮೇಲೆ ವಿಕ್ಟೋರಿಯಾ ರಾಣಿ ಇದನ್ನು ಧರಿಸಿದಳು. ಆಗ ದೇಶಕ್ಕೆ ದೇಶವೇ ಕೊಂಡಿತು, ವಿಟ್ಬಿಯಲ್ಲಿ ಓಣಿಗೊಂದು ಕೆತ್ತುವ ಅಂಗಡಿ ಎದ್ದಿತು. ನಿಜವಾದ ಜೆಟ್ಟನ್ನು ಮೆರುಗಿಲ್ಲದ ಬಿಳಿ ಪಿಂಗಾಣಿಗೆ ಉಜ್ಜಿದರೆ ಕಂದು ಗೆರೆ ಬೀಳುತ್ತದೆ. ಕಪ್ಪು ಗಾಜಾದರೆ ಭಾರ, ತಣ್ಣಗೆ.

ಉಡುಪಿ_ಟು_ಹಲ್
ಸಾವಿನ ಸೂತಕದ ಒಡವೆ ಅಂತ ಗೊತ್ತಾದರೆ ಅಮ್ಮ ತೆಗೆದುಕೊಳ್ಳಲ್ಲ. ಹೇಳದೆ ಕೊಡಿಸಿ, ಇಲ್ಲಾ ಬೆಳ್ಳಿ ಕೊಡಿಸಿ 😀

ಮಲೆನಾಡ_ಮಳೆ
ಅದೇ ಮ್ಯೂಸಿಯಮ್ಮಿನಲ್ಲಿ ನನಗೆ ಇಷ್ಟವಾದದ್ದು ಬೇರೆ. ತೀರ್ಥಹಳ್ಳಿ ಕಡೆಯವಳು ನಾನು, ಉಂಬಳ (ಜಿಗಣೆ) ಅಂದರೆ ಮಳೆಗಾಲದ ಶತ್ರು. ಇಲ್ಲಿ ಮೆರಿವೆದರ್ ಅನ್ನುವ ಡಾಕ್ಟರು ಅವುಗಳಿಂದ ಹವಾಮಾನ ಹೇಳಿಸಿದ್ದಾನೆ! ವೃತ್ತಾಕಾರವಾಗಿ 12 ಗಾಜಿನ ಸೀಸೆ, ತಳದಲ್ಲಿ ಒಂದಿಷ್ಟು ಮಳೆನೀರು, ಒಂದೊಂದರಲ್ಲಿ ಒಂದು ಜಿಗಣೆ. ಬಿರುಗಾಳಿ ಬರುವ ಮುಂಚೆ ಅವು ಚಡಪಡಿಸಿ ಮೇಲಕ್ಕೆ ಏರುತ್ತವೆ. ಕತ್ತಿನಲ್ಲಿರುವ ತಿಮಿಂಗಿಲದ ಬಾಯಿಯೊಳಗಿನ ಪಟ್ಟಿಯ ಚೂರನ್ನು ಸರಿಸಿದರೆ, ಸರಪಳಿ ಎಳೆದು ಮೇಲಿನ ಗಂಟೆ ಬಾರಿಸುತ್ತದೆ. ಜಾಸ್ತಿ ಗಂಟೆ ಬಾರಿಸಿದರೆ ಬಿರುಗಾಳಿ ಗ್ಯಾರಂಟಿ. 1851ರ ಲಂಡನ್ ಮಹಾ ಪ್ರದರ್ಶನಕ್ಕೂ ಒಯ್ದಿದ್ದ. ಮ್ಯೂಸಿಯಮ್ಮಿನಲ್ಲಿರುವುದು ಪ್ರತಿಕೃತಿ, ಒಳಗೆ ಉಂಬಳ ಇಲ್ಲ.

ಹವಾಮಾನದ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಜೂನ್ ಅಂತ ನಂಬಿ ತೆಳು ಬಟ್ಟೆಯಲ್ಲಿ ಹೋಗಬೇಡಿ. ಒಳನಾಡಿನಲ್ಲಿ ಬಿಸಿಲಿದ್ದ ದಿನವೇ ಇಲ್ಲಿ ಸಮುದ್ರದಿಂದ ಮಂಜು ನುಗ್ಗುತ್ತದೆ. ಫ್ರೆಟ್ ಅಂತಾರೆ. ಹತ್ತು ನಿಮಿಷದಲ್ಲಿ ಅಬ್ಬೆ ಮಾಯ. ಸ್ವೆಟರ್, ಅಮ್ಮನಿಗೆ ಕಿವಿ ಮುಚ್ಚುವ ಸ್ಕಾರ್ಫ್ ಇರಲಿ. ಆದರೆ ಜೂನ್‌ನಲ್ಲಿ ಒಂದು ಲಾಭ ಇದೆ. ಈ ತೀರ ಉತ್ತರಕ್ಕೆ ಮುಖ ಮಾಡಿದೆ. ಹಾಗಾಗಿ ಆ ದಿನಗಳಲ್ಲಿ ಸೂರ್ಯ ಹುಟ್ಟೋದೂ ಸಮುದ್ರದಲ್ಲಿ, ಮುಳುಗೋದೂ ಸಮುದ್ರದಲ್ಲಿ. ಹುಟ್ಟು ಬೆಳಿಗ್ಗೆ ನಾಲ್ಕೂವರೆಗೆ, ಮುಳುಗು ರಾತ್ರಿ ಒಂಬತ್ತೂವರೆ ದಾಟಿದ ಮೇಲೆ. ಅದಕ್ಕೇ ರಾತ್ರಿ ಉಳಿಯಿರಿ ಅನ್ನೋದು.

ಕಾರವಾರದ_ನಾವಿಕ
ನಾನು ಹಡಗಿನ ಕೆಲಸದವನು. ಊರಿಗೆ ಬಂದವರೆಲ್ಲ ಕ್ಯಾಪ್ಟನ್ ಕುಕ್ ಮ್ಯೂಸಿಯಂ ನೋಡುತ್ತಾರೆ, ನೋಡಲೇಬೇಕು. 1746ರಲ್ಲಿ ಕುಕ್ ಕೆಲಸ ಕಲಿಯೋಕೆ ಸೇರಿದ ಹಡಗು ಮಾಲೀಕನ ಮನೆ ಅದು, ಗ್ರೇಪ್ ಲೇನ್‌ನಲ್ಲಿ. ಮುಂದೆ ಕುಕ್ ಪ್ರಪಂಚ ಸುತ್ತಿದ ಎಂಡೆವರ್ ಹಡಗು ಮೂಲದಲ್ಲಿ ಇದೇ ಊರಲ್ಲಿ ಕಟ್ಟಿದ ಕಲ್ಲಿದ್ದಲು ಸಾಗಿಸುವ ಹಡಗು. ತಳ ಚಪ್ಪಟೆ, ಹೊಟ್ಟೆ ಅಗಲ. ನೀರು ಇಳಿದಾಗ ಮರಳಿನ ಮೇಲೆ ಕೂರಿಸಿ ರಿಪೇರಿ ಮಾಡಬಹುದು. ಗೊತ್ತಿಲ್ಲದ ತೀರಗಳಿಗೆ ಹೋಗುವವನಿಗೆ ಚೆಂದದ ಹಡಗಿಗಿಂತ ಇಂಥದ್ದೇ ಬೇಕು.

ಆದರೆ ನಮ್ಮವರು ಯಾರೂ ರೋಹಿಲ್ಲಾ ಹಡಗಿನ ಬಗ್ಗೆ ಮಾತಾಡಲ್ಲ. ಹೆಸರೇ ಹೇಳುತ್ತೆ, ಬ್ರಿಟಿಷ್ ಇಂಡಿಯಾ ಕಂಪನಿಯ ಹಡಗು. ಕಲ್ಕತ್ತಾ ಮಾರ್ಗದಲ್ಲಿ ಓಡುತ್ತಿತ್ತು. ಯುದ್ಧ ಶುರುವಾದಾಗ ಆಸ್ಪತ್ರೆ ಹಡಗಾಯಿತು. 1914ರ ಅಕ್ಟೋಬರ್ 30ರ ಬೆಳಗಿನ ಜಾವ, ಬಿರುಗಾಳಿ, ಯುದ್ಧದ ಕಾರಣ ತೀರದ ದೀಪಗಳೂ ಆರಿದ್ದವು. ಅಬ್ಬೆಯ ಆಚೆಗಿನ ಸಾಲ್ಟ್‌ವಿಕ್ ಬಳಿ ಬಂಡೆಗೆ ಹೊಡೆಯಿತು. ಒಳಗೆ 229 ಜನ. ದಡ ಕಣ್ಣಿಗೆ ಕಾಣುವಷ್ಟು ಹತ್ತಿರ, ಆದರೆ ಅಲೆ ದಾಟೋಕೆ ಆಗಲ್ಲ. ವಿಟ್ಬಿಯವರು ಹುಟ್ಟು ಹಾಕುವ ಲೈಫ್‌ಬೋಟನ್ನು ಬಂಡೆಗಳ ಮೇಲೆ ಎಳೆದು ತಂದು, ಎರಡು ಸಲ ಹೋಗಿ 35 ಜನರನ್ನು ತಂದರು. ಅಷ್ಟಕ್ಕೇ ದೋಣಿ ಜಖಂ. ಇನ್ನೊಂದನ್ನು ಹಗ್ಗ ಕಟ್ಟಿ ಗುಡ್ಡದ ಮೇಲಿಂದ ಇಳಿಸಿದರು, ಹುಟ್ಟು ಹಾಕಿ ಹಾಕಿ ಕೈಸೋತರು. ಮೂರನೇ ದಿನ ಟೈನ್‌ಮೌತ್‌ನಿಂದ ಮೋಟಾರ್ ಲೈಫ್‌ಬೋಟ್ ಬಂತು. ಅಲೆಯ ಮೇಲೆ ಎಣ್ಣೆ ಸುರಿದು, ಅದು ತಗ್ಗಿದ ಗಳಿಗೆಯಲ್ಲಿ ಹತ್ತಿರ ಹೋಗಿ ಉಳಿದ 50 ಜನರನ್ನು ಇಳಿಸಿಕೊಂಡಿತು. 80ಕ್ಕೂ ಹೆಚ್ಚು ಜನ ಸತ್ತರು. ಬದುಕಿದವರಲ್ಲಿ ಟೈಟಾನಿಕ್‌ನಿಂದಲೂ ಪಾರಾಗಿದ್ದ ಮೇರಿ ರಾಬರ್ಟ್ಸ್ ಇದ್ದಳು. ಲೈಫ್‌ಬೋಟಿಗೆ ಮೋಟಾರ್ ಯಾಕೆ ಬೇಕು ಅಂತ ಅನುಮಾನ ಇದ್ದವರಿಗೆ ಅಲ್ಲೇ ಉತ್ತರ ಸಿಕ್ಕಿತು. ಬಂದರಿನ ಪಕ್ಕದ ಲೈಫ್‌ಬೋಟ್ ಮ್ಯೂಸಿಯಮ್ಮಿಗೆ ಹೋಗಿ. ಚಿಕ್ಕದು, ಮೆಟ್ಟಿಲ ಗೋಳಿಲ್ಲ.

ಇನ್ನೊಂದು ಖಡಕ್ ಮಾತು. ಅಮೋನೈಟ್ ಹುಡುಕೋಕೆ ಹೋಗುವ ಮುಂಚೆ ಉಬ್ಬರ ಇಳಿತದ ಟೈಮ್ ನೋಡಿ. ಸಾಲ್ಟ್‌ವಿಕ್ ಕಡೆ ಬಂಡೆಗೋಡೆಯ ಬುಡದಲ್ಲಿ ನಡೆಯುತ್ತಾ ಹೋದರೆ, ನೀರು ಏರಿದಾಗ ವಾಪಸ್ ದಾರಿ ಇರಲ್ಲ. ಕಾರವಾರ, ಗೋಕರ್ಣದ ಉಬ್ಬರ ನೋಡಿದವರಿಗೆ ಇಲ್ಲಿನದು ಅಂದಾಜು ಸಿಗಲ್ಲ, ಇಲ್ಲಿ ನೀರು ಏರುವ ಎತ್ತರ ಅದರ ಎರಡರಷ್ಟಾದರೂ ಇದೆ.

ಸುಮ್ನೆ_ಹೇಳ್ದೆ
ಅಪ್ಪನಿಗೆ ಇನ್ನೊಂದು ಬೋನಸ್ ಹೇಳುತ್ತೇನೆ. ಸ್ಕಾರ್ಬರೋ ಕಡೆಗೆ ರೇವನ್ಸ್‌ಕಾರ್ ಅಂತ ಇದೆ. ಕಡಲಿಂದ ನೂರಾರು ಅಡಿ ಮೇಲೆ ರೆಸಾರ್ಟ್ ಊರು ಮಾಡುತ್ತೇವೆ ಅಂತ ಒಂದು ಕಂಪನಿ ರಸ್ತೆ ಹಾಕಿ, ಚರಂಡಿ ಮಾಡಿ, ಸೈಟ್ ಮಾರಿತು. ಕೊಂಡವರು ಬಂದು ನೋಡಿದರೆ ಬೀಚಿಗೆ ಇಳಿಯೋಕೇ ಅರ್ಧ ದಿನ ಬೇಕು, ಕೆಳಗೆ ಬರೀ ಬಂಡೆ. 1913ರಲ್ಲಿ ಕಂಪನಿ ದಿವಾಳಿ. ರಸ್ತೆಗಳು ಈಗಲೂ ಇವೆ, ಮನೆ ಅಲ್ಲೊಂದು ಇಲ್ಲೊಂದು. ಅಲ್ಲೇ ಹಳೇ ಪಟಿಕದ ಕಾರ್ಖಾನೆಯ ಅವಶೇಷ. ಶೇಲ್ ಕಲ್ಲನ್ನು ತಿಂಗಳುಗಟ್ಟಲೆ ಸುಟ್ಟು, ನೀರಲ್ಲಿ ನೆನೆಸಿ, ಅದಕ್ಕೆ ಹಳಸಿದ ಉಚ್ಚೆ ಸೇರಿಸಿ ಬಟ್ಟೆಗೆ ಬಣ್ಣ ಹಿಡಿಸುವ ಪಟಿಕ ತೆಗೆಯುತ್ತಿದ್ದರು. ಆ ಉಚ್ಚೆ ಲಂಡನ್ನಿನಿಂದ ಹಡಗಿನಲ್ಲಿ ಬರುತ್ತಿತ್ತು. ನಮ್ಮ ನಾವಿಕರಿಗೆ ಅಂಥ ಸರಕು ಸಿಗದಿರಲಿ.

ಕಾರವಾರದ_ನಾವಿಕ
ಅದಕ್ಕಿಂತ ಕೆಟ್ಟ ಸರಕು ಸಾಗಿಸಿದ್ದೇನೆ, ಬಿಡಿ.

ಲೀಡ್ಸ್‌ಗೆ_ಬಂದವಳು
ಹಾಗಾದರೆ ಹೀಗೆ ಮಾಡುತ್ತೇನೆ. ಮಂಗಳವಾರ 840ರಲ್ಲಿ ಹೋಗೋದು, ಎರಡು ರಾತ್ರಿ ಉಳಿಯೋದು. ರೂಮ್ ಪಶ್ಚಿಮದ ಗುಡ್ಡದ ಕಡೆ, ಅಡುಗೆಮನೆ ಇರುವಂಥದ್ದು. ಮೊದಲ ಸಂಜೆ ತಿಮಿಂಗಿಲದ ಎಲುಬಿನ ಕಮಾನಿನ ಹತ್ತಿರ ಕೂತು ಎದುರಿನ ಅಬ್ಬೆ ನೋಡೋದು. ಮರುದಿನ ಟ್ಯಾಕ್ಸಿಯಲ್ಲಿ ಅಬ್ಬೆ, ಮಧ್ಯಾಹ್ನ ಮ್ಯೂಸಿಯಂ. ಮೂರನೇ ದಿನ ಸ್ಯಾಂಡ್ಸೆಂಡ್, ನೀರು ಇಳಿದಿರುವ ಹೊತ್ತು ನೋಡಿಕೊಂಡು. ಅಪ್ಪ ಹಟ ಮಾಡಿದರೆ ಅವರೊಬ್ಬರನ್ನು ಎಕ್ಸ್ 93 ಬಸ್ಸಿನಲ್ಲಿ ರಾಬಿನ್ ಹುಡ್ಸ್ ಬೇಗೆ ಕಳಿಸುತ್ತೇನೆ. ಅಮ್ಮ ನಾನು ಟೀ ಕುಡಿಯುತ್ತಾ ಇರುತ್ತೇವೆ.

ಯಾರ್ಕ್_ಪ್ರಯಾಣಿಕ
ಸರಿಯಾಗಿದೆ. ಮಂಗಳವಾರ ಅನ್ನೋದು ಇನ್ನೂ ಒಳ್ಳೇದು. ರೂಮ್ ಬೇಗ ಬುಕ್ ಮಾಡಿ. ಊರಲ್ಲಿ ಎಷ್ಟೋ ಮನೆ ರಜೆಯ ಬಾಡಿಗೆಗೇ ಹೋಗಿವೆ. ಅಲ್ಲಿನ ಮಕ್ಕಳಿಗೆ ಮನೆ ಸಿಗಲ್ಲ ಅಂತ 2022ರಲ್ಲಿ ಊರವರು ಮತ ಹಾಕಿದ್ದರು. ಹೊಸ ಮನೆಗಳು ಅಲ್ಲೇ ವಾಸ ಮಾಡುವವರಿಗೆ ಮಾತ್ರ ಇರಲಿ ಅಂತ 2,111 ಮತ, ವಿರುದ್ಧ 157. ಅದಕ್ಕೇ ನಾನು ಹೋದಾಗ ಊರಿನವರೇ ನಡೆಸುವ ಬಿ ಅಂಡ್ ಬಿಯಲ್ಲಿ (ರೂಮು, ಬೆಳಗಿನ ತಿಂಡಿ ಕೊಡುವ ಮನೆ) ಉಳಿಯುತ್ತೇನೆ. ನಿಮಗೆ ಅಡುಗೆಮನೆ ಬೇಕು, ನಿಮ್ಮ ಕಷ್ಟ ಬೇರೆ.

ಡಬ್ಲಿನ್_ದೋಸೆ
ನಾವು ಡಿಸೆಂಬರ್‌ನಲ್ಲಿ ಹೋಗೋಣ ಅಂತಿದ್ದೇವೆ. ಇದೇ ಪ್ಲಾನ್ ನಡೆಯುತ್ತಾ?

ಮಲೆನಾಡ_ಮಳೆ
ಮಧ್ಯಾಹ್ನ ಮೂರೂಮುಕ್ಕಾಲಿಗೇ ಸೂರ್ಯ ಮುಳುಗುತ್ತಾನೆ. ಅಬ್ಬೆ ಚಳಿಗಾಲದಲ್ಲಿ ಎಲ್ಲ ದಿನ ತೆರೆದಿರಲ್ಲ, ಹೊರಡುವ ಮುಂಚೆ ಅವರ ಸೈಟ್ ನೋಡಿ. ಉಗಿಬಂಡಿಯ ವೇಳಾಪಟ್ಟಿಯೂ ಆಗ ಬೇರೆ. ಜನ ಕಡಿಮೆ, ಅಲೆ ಜೋರು, ಬಂದರಿನ ಕಟ್ಟೆಯ ತುದಿಗೆ ಮಾತ್ರ ಹೋಗಬೇಡಿ. ಉಳಿದ ಪ್ರಶ್ನೆಗೆ ಬೇರೆ ಚರ್ಚೆ ಶುರು ಮಾಡಿ, ಇದು ಆಗಲೇ ಉದ್ದ ಆಯ್ತು.